ಅವ್ವನ ಕೈ ಮತ್ತು 19ನೇ ಗೇಟು

ನಮ್ಮ ಮನೇಲಿ ಅವ್ವ ರೊಟ್ಟಿ ಬಡಿಯೋ ಸಪ್ಪಳಕ್ಕೇ ನಾವೆಲ್ಲ ಏಳೋದು. ಹೋದ ಚಳಿಗಾಲದಲ್ಲಿ ಆ ಸಪ್ಪಳ ನಿಂತಿತು. ಎರಡೂ ಕೈಯ ಗೆಣ್ಣು ಊದಿಕೊಂಡು, ಬೆಳಗ್ಗೆ ಹಿಟ್ಟು ನಾದೋದಿರಲಿ, ತಂಬಿಗೆ ಎತ್ತೋದೂ ಆಗುತ್ತಿರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಬೆರಳು ತುಸು ಸಡಿಲ ಆಗೋದು.

ಎಲ್ಲರದೂ ಒಂದೇ ಮಾತು: ಶಕ್ತಿ ಕಡಿಮೆ ಆಗಿದೆ, ಇಮ್ಯೂನಿಟಿ ಜಾಸ್ತಿ ಮಾಡಿಕೊಳ್ಳಿ. ಕೊರೊನಾ ಬಂದು ಹೋದಮೇಲೆ ಈ ಪದ ಚಹಾಪುಡಿ ಥರ ಮನೆಮನೆಯಲ್ಲೂ ಇದೆ, ಅಲ್ವಾ? ನಾನೂ ದೊಡ್ಡ ಬುದ್ಧಿವಂತನಂತೆ ಅಮೃತಬಳ್ಳಿ ಪುಡಿಯ ಡಬ್ಬಿ ತಂದುಕೊಟ್ಟೆ. ಎರಡು ತಿಂಗಳು ಕುಡಿದಳು. ನಡುವೆ ಒಂದು ಕಡೆ ಸೂಜಿ ಮಾಡಿಸಿದೆವು. ನಾಲ್ಕು ದಿನ ಹುಡುಗಿಯಂತೆ ಓಡಾಡಿದಳು, ಐದನೇ ದಿನ ಮತ್ತದೇ.

ಕೊನೆಗೆ ಗಂಗಾವತಿಯಲ್ಲಿ ಬಳ್ಳಾರಿ ಬಸ್ಸು ಹತ್ತಿದೆವು. ಮುಂದಿನ ಸೀಟಿನ ಸರಳು ಹಿಡಿಯಲಾಗದೆ ಅವ್ವ ಕಂಪ್ಲಿ ದಾಟುವವರೆಗೂ ಅದಕ್ಕೆ ಮೊಣಕೈ ಸಿಕ್ಕಿಸಿ ಕೂತಿದ್ದಳು.

ಡಾಕ್ಟರ್ ಮೇಡಂ ಒಂದೊಂದೇ ಗೆಣ್ಣು ಒತ್ತಿ ನೋಡಿದರು. ರಕ್ತದ ರಿಪೋರ್ಟಲ್ಲಿ ಆಂಟಿ ಸಿಸಿಪಿ ಅನ್ನೋ, ಕೀಲುರೋಗದ ಗುರುತು ಹೇಳೋ ಅಂಶ ಜಾಸ್ತಿ ಇತ್ತು. ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಒಂದು ಬಗೆಯ ಸಂಧಿವಾತ ಅಂದರು.

"ಶಕ್ತಿ ಕಡಿಮೆ ಆಗಿದೆಯಾ ಮೇಡಂ?" ಅಂದೆ.

"ಶಕ್ತಿ ಬೇಕಾದಷ್ಟಿದೆ. ಸಾಕು ಅನ್ನೋರಿಲ್ಲ, ಅಷ್ಟೇ."

ಮೈ ಕಾಯೋ ಕೋಶಗಳು ಸಣ್ಣ ಸಣ್ಣ ಪ್ರೊಟೀನು ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವಂತೆ. ಟಿಎನ್‌ಎಫ್, ಐಎಲ್-6 ಅನ್ನೋವು "ಬರ್ರಿ, ಹೊಡೀರಿ" ಅನ್ನೋ ಕೂಗು. ತಡೆಯೋಕೆ ಟಿ-ರೆಗ್ ಅನ್ನೋ ಬೇರೆ ಕೋಶಗಳಿವೆ. 2025ರ ವೈದ್ಯಕೀಯ ನೊಬೆಲ್ ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್ ಅವರಿಗೆ ಬಂದಿದ್ದು ಇವುಗಳ ಕೆಲಸಕ್ಕೇ. ಕೂಗೋರು, ತಡೆಯೋರ ನಡುವೆ ತೂಕ ತಪ್ಪಿದರೆ ವೈರಿ ಇಲ್ಲದಿದ್ದರೂ ಜಗಳ ನಿಲ್ಲೋದಿಲ್ಲ. ಅವ್ವನಿಗೆ ಅದು ಕೀಲಿನ ಒಳಪದರದ ಮೇಲೆ ಬಿದ್ದಿತ್ತು. ಹಾಗೇ ಬಿಟ್ಟರೆ ಎಲುಬನ್ನೇ ತಿನ್ನುತ್ತದೆ.

ನಾನು ತಲೆ ಆಡಿಸುತ್ತಿದ್ದೆ, ಅರ್ಧ ಅರ್ಥ ಆಗಿತ್ತು. ಅವ್ವ ಥಟ್ಟನೆ ಅಂದಳು, "ಅಂದ್ರ ನಮ್ಮ ಡ್ಯಾಮಿನ ಗೇಟಿನ ಹಂಗ ಆತಲ್ರೀ."

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಗಿತ್ತು. ಭತ್ತ ಹಾಕೋ ನಮಗೆ ಆ ವಾರ ನಿದ್ದೆ ಇರಲಿಲ್ಲ. ನೀರಿಗೇನೂ ಕಮ್ಮಿ ಇರಲಿಲ್ಲ, ಡ್ಯಾಮು ತುಂಬಿತ್ತು, ತಡೆಯೋದೇ ಹೋಗಿತ್ತು. ಅಂಥದ್ದಕ್ಕೆ ನಾನು ಇನ್ನಷ್ಟು ನೀರು ತುಂಬಿಸೋ ಯೋಚನೆ ಮಾಡಿದ್ದೆ, ಡಬ್ಬಿಗೆ ದುಡ್ಡು ಕೊಟ್ಟು.

ಗುಳಿಗೆಯ ಹೆಸರು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಚೀಟಿಯಲ್ಲಿ "ಸೋಮವಾರ ಮಾತ್ರ" ಅಂತ ದಪ್ಪಗೆ ಬರೆದು ಕೆಳಗೆ ಎರಡು ಗೆರೆ ಎಳೆದರು. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯವಂತೆ. ಬೇರೆ ದಿನಕ್ಕೆ ಫೋಲಿಕ್ ಆ್ಯಸಿಡ್. ಇದಕ್ಕೆ ಬಗ್ಗದಿದ್ದರೆ ಟಿಎನ್‌ಎಫ್ ಅನ್ನೇ ಹಿಡಿದುಹಾಕೋ ಇಂಜೆಕ್ಷನ್ ಇದೆ, ಆದರೆ ಅದಕ್ಕೂ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು ಅಂದರು, ಯಾಕಂದ್ರೆ ಮೈಯಲ್ಲಿ ಸುಮ್ನೆ ಮಲಗಿರೋ ಟಿಬಿ ಏಳದಂತೆ ನೋಡಿಕೊಳ್ಳೋದರಲ್ಲಿ ಅದೇ ಟಿಎನ್‌ಎಫ್‌ನ ಕೈಯೂ ಇದೆ. ಪೂರ್ತಿ ಕೆಟ್ಟದ್ದೂ ಅಲ್ಲ ಅದು!

ಗುಳಿಗೆ ಹಿಡಿಯೋಕೆ ಒಂದೂವರೆ ತಿಂಗಳಿಂದ ಮೂರು ತಿಂಗಳು ಬೇಕಂತೆ. ಮೊನ್ನೆಗೆ ಏಳು ಸೋಮವಾರ ಆದವು. ನಿನ್ನೆ ಅಡುಗೆಮನೆಯಿಂದ ಸಪ್ಪಳ ಕೇಳಿ ಎದ್ದು ಹೋದೆ. ಎರಡು ರೊಟ್ಟಿ ಬಡಿದಿದ್ದಳು, ಅಂಚು ಸೊಟ್ಟ. ಮೂರನೆಯದಕ್ಕೆ ಸೊಸೆಯನ್ನು ಕರೆದಳು.