ಬೇರಿಂಗ್ ಬದಲಿಸುವ ಮುನ್ನ ಶಾಫ್ಟ್ ಅಳೆಯಿರಿ

ಮೋಟಾರ್‌ಗೆ ಹೊಸ ಬೇರಿಂಗ್ ಹಾಕಿ ಎರಡು ತಿಂಗಳಾಗಿರುವುದಿಲ್ಲ, ಮತ್ತೆ ಸದ್ದು ಶುರು. ಎಲ್ಲರೂ ಬೇರಿಂಗ್ ಕಂಪನಿಯನ್ನು ಬೈಯುತ್ತಾರೆ. ಬಿಚ್ಚಿದಾಗ ಶಾಫ್ಟ್ ಅಳೆದವರು ಯಾರು ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ.

6312 ಸಿ3 ಬೇರಿಂಗನ್ನೇ ತೆಗೆದುಕೊಳ್ಳಿ (ಸಿ3 ಎಂದರೆ ಒಳಗಿನ ಸಡಿಲ ಮಾಮೂಲಿಗಿಂತ ಹೆಚ್ಚು). ಒಳವ್ಯಾಸ 60 ಮಿ.ಮೀ. ಫಿಟ್, ಅಂದರೆ ಶಾಫ್ಟ್ ಅಳತೆಯ ಮಿತಿಯ ದರ್ಜೆ, ಕೆ6 ಆಗಿದ್ದರೆ ಶಾಫ್ಟ್ 60.002ರಿಂದ 60.021ರ ಒಳಗಿರಬೇಕು. ಪುಲ್ಲರ್ ಹಾಕಿ ಹಳೆಯದನ್ನು ಎಳೆದ ಮೇಲೆ ಶಾಫ್ಟ್ ತಣ್ಣಗಾಗಲಿ. ಬೇರಿಂಗ್ ಕೂರುವ ಜಾಗದ ಎರಡೂ ತುದಿಯಲ್ಲಿ, 90 ಡಿಗ್ರಿ ತಿರುಗಿಸಿ ಎರಡೆರಡು ಸಲ ಮೈಕ್ರೋಮೀಟರ್ ಹಿಡಿಯಿರಿ. 59.98 ಬಂತೋ, ಒಳರಿಂಗ್ ಜಾರುವುದು ಖಚಿತ. ಸೆಂಟರ್ ಪಂಚ್‌ನಿಂದ ಸುತ್ತ ಚುಕ್ಕೆ ಹೊಡೆದು 'ಟೈಟ್ ಆಯ್ತು ಸರ್' ಎನ್ನುವ ಫಿಟರ್ ಎಲ್ಲ ವರ್ಕ್‌ಶಾಪ್‌ಗಳಲ್ಲೂ ಸಿಗುತ್ತಾನೆ. ರಿಂಗನ್ನು ಮುಟ್ಟುವುದು ಆ ಚುಕ್ಕೆಗಳ ಅಂಚು ಮಾತ್ರ. ಅದು ಸವೆದರೆ ಮತ್ತೆ ಸಡಿಲ. ಮೆಟಲ್ ಸ್ಪ್ರೇ ಮಾಡಿಸಿ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಸ್ಲೀವ್ (ಶಾಫ್ಟ್ ಮೇಲೆ ಕೂರುವ ಲೋಹದ ಕೊಳವೆ) ಹಾಕಿಸಬೇಕು.

ಇದು ಹೊರಗಿನ ವರ್ಕ್‌ಶಾಪ್‌ನ ಕೆಲಸ. ಆದ್ದರಿಂದ ಎಂಟು ಗಂಟೆ ಕಾಲದ ಶಟ್‌ಡೌನ್ ಕೇಳುವ ಮೊದಲೇ ಆ ವರ್ಕ್‌ಶಾಪ್‌ನವರಿಗೆ ಹೇಳಿಟ್ಟಿರಬೇಕು, ಅಥವಾ ಸ್ಪೇರ್ ಮೋಟಾರ್ ಸಿದ್ಧವಿರಬೇಕು. ಎಂಡ್ ಶೀಲ್ಡ್‌ನಲ್ಲಿ (ಮೋಟಾರ್ ತುದಿಯ ಮುಚ್ಚಳ) ಹೊರರಿಂಗ್ ಕೂರುವ 130 ಮಿ.ಮೀ. ಬೋರ್ ಅಳೆಯಲು ಬೋರ್ ಗೇಜ್ ಸಹ ಅಂದೇ ಕೈಯಲ್ಲಿರಲಿ.

ಕೂರಿಸಲು ಇಂಡಕ್ಷನ್ ಹೀಟರ್‌ನಲ್ಲಿ 110 ಡಿಗ್ರಿ ಸಾಕು. ಶಾಫ್ಟ್ 30 ಡಿಗ್ರಿಯಲ್ಲಿದ್ದರೆ 80 ಡಿಗ್ರಿ ವ್ಯತ್ಯಾಸಕ್ಕೆ ಒಳವ್ಯಾಸ ಸುಮಾರು 0.058 ಮಿ.ಮೀ. ಹಿಗ್ಗುತ್ತದೆ. ಕೆ6ನಲ್ಲಿ ಅತಿ ಬಿಗಿ ಎಂದರೂ 0.036, ಹಾಗಾಗಿ ಸುತ್ತಿಗೆಯೇ ಬೇಡ. ಗ್ಯಾಸ್ ಟಾರ್ಚ್ ಅಂತೂ ಹತ್ತಿರ ತರಲೇಬೇಡಿ. ಕೂರಿಸಿದ ಮೇಲೆ ತಣ್ಣಗಾಗುವವರೆಗೂ ಶೋಲ್ಡರ್‌ಗೆ (ಶಾಫ್ಟ್‌ನ ಮೆಟ್ಟಿಲಿಗೆ) ಒತ್ತಿ ಹಿಡಿಯಿರಿ. ತಣಿಯುವಾಗ ಬೇರಿಂಗ್ ಅಗಲದಲ್ಲೂ ಕುಗ್ಗಿ ಸಂದು ಬಿಡುತ್ತದೆ.

ಗ್ರೀಸ್, ಬೇರಿಂಗ್ ಕವರ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ. ಹಳೆಯದು ಪಾಲಿಯೂರಿಯಾ ಗ್ರೀಸ್ ಆಗಿದ್ದರೆ ಪೂರ್ತಿ ತೊಳೆಯದೆ ಲಿಥಿಯಂ ಗ್ರೀಸ್ ತುಂಬಬೇಡಿ.

ಮೋಟಾರ್ ಬೇಸ್ ಮೇಲೆ ಕೂತ ಮೇಲೆ ಕಪ್ಲಿಂಗ್ ಜೋಡಿಸುವ ಮುನ್ನ ಎರಡು ಕೆಲಸ. ಒಂದು, ಸಪ್ಲೈ ಕೊಟ್ಟು ಮೋಟಾರ್ ಯಾವ ಕಡೆ ತಿರುಗುತ್ತದೆ ನೋಡಿ, ಮತ್ತೆ ಬ್ರೇಕರ್‌ಗೆ ಲಾಕ್ ಹಾಕಿ. ಇನ್ನೊಂದು, ಮೋಟಾರ್‌ನ ಕಾಲಿನ ಮೇಲೆ ಡಯಲ್ ಗೇಜ್ ಇಟ್ಟು ಒಂದೊಂದೇ ಬೋಲ್ಟ್ ಸಡಿಲಿಸಿ. ಮುಳ್ಳು 0.05 ಮಿ.ಮೀ. ದಾಟಿದರೆ ಆ ಕಾಲಿನಡಿ ಶಿಮ್ (ತೆಳು ಲೋಹದ ಹಾಳೆ) ಬೇಕು. ಕಾಲು ನೆಟ್ಟಗೆ ಕೂರದೆ ಅಲೈನ್‌ಮೆಂಟ್ (ಎರಡು ಶಾಫ್ಟ್‌ಗಳನ್ನು ಒಂದೇ ಗೆರೆಗೆ ತರುವುದು) ಹಿಡಿದರೆ ಬೋಲ್ಟ್ ಬಿಗಿದಾಗಲೆಲ್ಲ ಲೆಕ್ಕ ತಪ್ಪುತ್ತಲೇ ಇರುತ್ತದೆ.