ಅಂಗಳದ ಹುಲ್ಲು: ಕೊನ್ನಾರಿ ಜೊತೆ ನಾಲ್ಕು ತಿಂಗಳು

ಮಣಿಪಾಲದ ನಮ್ಮ ಮನೆ ಎದುರಿನ ಜಾಗ 20 ಅಡಿ ಉದ್ದ, 15 ಅಡಿ ಅಗಲ. ಅಡಿಯಲ್ಲಿ ಬರೀ ಮುರಕಲ್ಲು. ಪಿಕ್ಕಾಸು ಹಾಕಿದರೆ ಕೈ ಜುಮ್ಮೆನ್ನುತ್ತದೆ, ಮಣ್ಣು ಏಳುವುದಿಲ್ಲ. ಹಾಗಾಗಿ ಒಂದು ಟಿಪ್ಪರ್ ಮಣ್ಣು ತರಿಸಿ ಅರ್ಧ ಅಡಿ ತುಂಬಿಸಿದೆ, ಹಟ್ಟಿಗೊಬ್ಬರ ಸೇರಿಸಿದೆ, ಮೇ ಕೊನೆಗೆ ಲಾನ್‌ಗೆಂದು ಮೆಕ್ಸಿಕನ್ ಹುಲ್ಲು ನಾಟಿ ಮಾಡಿದೆ.

ಜೂನ್ ಮಳೆ ಗೊತ್ತಲ್ವಾ. ಮಾಡಿನ ನೀರು ಬೀಳುವ ಕಡೆ ಹುಲ್ಲು ಮಣ್ಣು ಎರಡೂ ತೋಡು ಸೇರಿತು. ಉಳಿದ ಕಡೆ ಎದ್ದದ್ದು ಕಳೆ. ಗೊಬ್ಬರ ಪೂರ್ತಿ ಕಳಿತಿರಲಿಲ್ಲ, ದನ ತಿಂದ ಹುಲ್ಲಿನ ಬೀಜ ಎಲ್ಲ ಅದರಲ್ಲೇ ಇತ್ತು. ನಾಚಿಕೆಮುಳ್ಳು, ತುಂಬೆ, ನೆಲನೆಲ್ಲಿ ಕೈಯಲ್ಲೇ ಕೀಳಬಹುದು, ಅದಕ್ಕೆ ಬೇಜಾರಿಲ್ಲ. ಆದರೆ ಮಣ್ಣಿನ ಜೊತೆ ಕೊನ್ನಾರಿ ಎಂಬ ಕಳೆಯ ಗೆಡ್ಡೆ ಬಂದಿತ್ತು.

ಮೊದಲು ಅದನ್ನೂ ಹುಲ್ಲು ಅಂದುಕೊಂಡೆ. ಹೂ ಬಿಟ್ಟ ದಂಟನ್ನು ಬೆರಳಲ್ಲಿ ಉರುಳಿಸಿದಾಗ ಮೂರು ಮೂಲೆ ಸಿಕ್ಕಿತು, ಹುಲ್ಲಿನ ದಂಟು ಹಾಗಿರುವುದಿಲ್ಲ, ಆಗ ಗೊತ್ತಾಯಿತು ಇದು ಕೊನ್ನಾರಿ ಅಂತ. ಎಳೆದರೆ ಎಲೆ ಕೈಗೆ ಬರುತ್ತದೆ, ಗೆಡ್ಡೆ ಒಳಗೇ ಉಳಿದು ವಾರದಲ್ಲಿ ಮತ್ತೆ ಚಿಗುರುತ್ತದೆ, ಒಂದರಿಂದ ಇನ್ನೊಂದಕ್ಕೆ ದಾರದ ಹಾಗೆ ಬೇರು ಹೋಗಿ ಅಲ್ಲೂ ಒಂದು ಗೆಡ್ಡೆ. ಅಮ್ಮ ನೋಡಿ, "ಭದ್ರಮುಷ್ಟಿ ಅಲ್ವಾ ಮಾರಾಯ, ಮದ್ದಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತರ್ತಾರೆ" ಅಂದರು. ಬುಟ್ಟಿಗಟ್ಟಲೆ ಇದೆ, ಯಾರಿಗೆ ಬೇಕು ಹೇಳಿ.

ಗ್ಲೈಫೋಸೇಟ್ ಅನ್ನುವ ಕಳೆನಾಶಕ ಹೊಡಿ ಅಂತ ಒಬ್ಬರು ಹೇಳಿದರು. ಅದಕ್ಕೆ ಕೊನ್ನಾರಿ, ಲಾನ್ ಅಂತ ಭೇದ ಇಲ್ಲ, ಹಸಿರು ಇದ್ದದ್ದೆಲ್ಲ ಸಾಯುತ್ತದೆ. ಬಾವಿಯೂ ಪಕ್ಕದಲ್ಲೇ ಇದೆ. ಬೇಡ ಅಂದೆ.

ಜುಲೈ ಶುರುವಿಗೆ ಇದ್ದಬದ್ದ ಹುಲ್ಲೆಲ್ಲ ತೆಗೆದುಬಿಟ್ಟೆ. ಹೊಟ್ಟೆ ಉರಿಯಿತು, ಆದರೆ ಖಾಲಿ ನೆಲದಲ್ಲಿ ಕೊನ್ನಾರಿ ತಾನಾಗಿ ತಲೆ ಎತ್ತಿ ತೋರಿಸುತ್ತದೆ. ಆಗಸ್ಟ್ ಮಧ್ಯದಲ್ಲಿ ಆಟಿ ತಿಂಗಳು ಮುಗಿಯುವವರೆಗೆ ಇದೇ ಕೆಲಸ: ಹತ್ತು ದಿನಕ್ಕೊಮ್ಮೆ ಮಳೆ ಬಿಟ್ಟ ಹೊತ್ತಲ್ಲಿ ಸಣ್ಣ ಹಾರೆ ಹಿಡಿದು ಗೆಡ್ಡೆ ಸಮೇತ ಎಬ್ಬಿಸುವುದು. ಮೂರು ವಾರ ಬಿಟ್ಟರೆ ಹೊಸ ಗೆಡ್ಡೆ ಕಟ್ಟಲು ಶುರು ಮಾಡುತ್ತದೆ, ಅದಕ್ಕೇ ಈ ಅವಸರ. ಮೊದಲ ಸಲ ಎರಡು ಬುಟ್ಟಿ ತುಂಬಿತು, ಐದನೇ ಸಲ ಒಂದು ಚೆಂಬು.

ಆಗಸ್ಟ್ ಕೊನೆಗೆ ಇಳಿಜಾರು ಸರಿ ಮಾಡಿ, ಮಾಡಿನ ನೀರಿಗೆ ಪೈಪ್ ಹಾಕಿಸಿ, ಹೊಯಿಗೆ (ಮರಳು) ಮತ್ತು ಸುಡುಮಣ್ಣು ಹರಡಿದೆ. ಈ ಸಲ ಬಫೆಲೊ ಹುಲ್ಲು. ಎಲೆ ಅಗಲ, ನೋಡಲು ಮೆಕ್ಸಿಕನ್‌ನಷ್ಟು ಚಂದ ಇಲ್ಲ, ಆದರೆ ತೆಂಗಿನ ನೆರಳು ತಡೆಯುತ್ತದೆ, ಒತ್ತಾಗಿ ಹಬ್ಬಿದರೆ ಕಳೆಗೆ ಜಾಗ ಕೊಡುವುದಿಲ್ಲ. ಚೌಕ ಚೌಕ ತುಂಡುಗಳನ್ನು ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಇಟ್ಟು, ಹಲಗೆ ಹಾಕಿ ಮೇಲೆ ತುಳಿದೆ.

ಈಗ ಸೆಪ್ಟೆಂಬರ್ ಕೊನೆ. ತುಂಡುಗಳು ಬೇರು ಹಿಡಿದಿವೆ, ಮೂಲೆ ಎತ್ತಿದರೆ ಏಳುವುದಿಲ್ಲ. ಕೊನ್ನಾರಿ ವಾರಕ್ಕೆ ಏಳೆಂಟು ಕಾಣುತ್ತದೆ, ಹಳೆ ಸ್ಕ್ರೂಡ್ರೈವರ್ ಹಾಕಿ ತೆಗೆಯುತ್ತೇನೆ. ಅಂಚಿನಲ್ಲಿ ಗರಿಕೆ ಬಂದಿತ್ತು, ಚೌತಿಗೆ ಪಕ್ಕದ ಮನೆಯವರೇ ಕೊಯ್ದುಕೊಂಡು ಹೋದರು.

ನಳ್ಳಿ ಹತ್ತಿರ ತಿಮರೆ (ಒಂದೆಲಗ) ಹಬ್ಬುತ್ತಿದೆ. ಕೀಳಲು ಹೋದರೆ ಅಮ್ಮ ಬಿಡುತ್ತಿಲ್ಲ, ತಂಬುಳಿಗೆ ಬೇಕಂತೆ. ಕೊನೆಗೆ ಎರಡು ಅಡಿ ಜಾಗ ಅವರಿಗೆ ಬಿಟ್ಟು ನಡುವೆ ಒಂದು ಸಾಲು ಮುರಕಲ್ಲು ಹೂತಿದ್ದೇನೆ. ನಿನ್ನೆ ನೋಡಿದರೆ ಒಂದು ಬಳ್ಳಿ ಆಗಲೇ ಕಲ್ಲು ದಾಟಿದೆ.