ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಗುಟ್ಟು ಕಾಯುವ ಕೆಲಸ

ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರುವ ಹದಿಹರೆಯದವರು ತಮಗೆ ಖಿನ್ನತೆ ಇದೆ ಎಂದು ಹೇಳಿಕೊಂಡು ಬರುವುದಿಲ್ಲ. ತಲೆನೋವು ಎನ್ನುತ್ತಾರೆ, ಹೊಟ್ಟೆಯಲ್ಲಿ ಸಂಕಟ ಎನ್ನುತ್ತಾರೆ, ರಾತ್ರಿಯೆಲ್ಲ ನಿದ್ದೆಯಿಲ್ಲ ಎನ್ನುತ್ತಾರೆ. ಒಬ್ಬ ಹುಡುಗ ಒಂದೇ ತಿಂಗಳಲ್ಲಿ ನಾಲ್ಕನೆಯ ಸಲ ತಲೆನೋವೆಂದು ಬಂದಿದ್ದ. ಬಿ.ಪಿ. ನೋಡಲೆಂದು ನಾನು ಅವನ ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಅವನ ಕಣ್ಣು ನನ್ನ ಮೇಲೂ ಇರಲಿಲ್ಲ, ಉಪಕರಣದ ಮೇಲೂ ಇರಲಿಲ್ಲ. ಅರ್ಧ ತೆರೆದಿದ್ದ ಬಾಗಿಲಿನ ಮೇಲಿತ್ತು. ಹೊರಗಿನ ಬೆಂಚಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನಾನು ಎದ್ದು ಹೋಗಿ ಬಾಗಿಲು ಹಾಕಿ ಬಂದ ಮೇಲೂ ಅವನು ದನಿ ತಗ್ಗಿಸಿಯೇ, "ಸಿಸ್ಟರ್, ಹೊರಗೆ ಕೂತಿರೋರು ನಮ್ಮ ಪಕ್ಕದ ಮನೆಯವರು" ಎಂದ.

ಇಲ್ಲಿ ಬರೆಯುತ್ತಿರುವ ಯಾವ ಪ್ರಸಂಗವನ್ನೂ ನಡೆದಂತೆಯೇ ಇಟ್ಟಿಲ್ಲ. ಯಾರ ಗುರುತೂ ಸಿಗಬಾರದೆಂದು ವಯಸ್ಸು, ಮನೆಯ ಸಂಗತಿ, ಕಾಲ ಎಲ್ಲವನ್ನೂ ಬದಲಾಯಿಸಿದ್ದೇನೆ. ಈ ಬರಹದ ವಿಷಯವೇ ಅದಾಗಿರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 10ರಿಂದ 19 ವರ್ಷದೊಳಗಿನ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆ. ಬದುಕಿನುದ್ದಕ್ಕೂ ಕಾಡುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು 14 ವರ್ಷ ತುಂಬುವುದರೊಳಗೆ, ಹತ್ತಿರಹತ್ತಿರ ಅರ್ಧದಷ್ಟು 18ರೊಳಗೆ ಶುರುವಾಗುತ್ತವೆ. 15ರಿಂದ 29 ವರ್ಷದವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆಗೆ ಜಗತ್ತಿನ ಮಟ್ಟದಲ್ಲಿ ಮೂರನೆಯ ಸ್ಥಾನವಿದೆ. ಈ ಅಂಕಿಗಳನ್ನು ಎಲ್ಲರೂ ಒಪ್ಪುತ್ತಾರೆ, ಹಳ್ಳಿಗಳಲ್ಲಿ ಮನೋವೈದ್ಯರಿಲ್ಲ ಎಂಬುದನ್ನೂ ಒಪ್ಪುತ್ತಾರೆ, ಆಮೇಲೆ ಚರ್ಚೆಯೆಲ್ಲ ದೂರದ ಬಗ್ಗೆಯೇ ನಡೆಯುತ್ತದೆ: ಆಸ್ಪತ್ರೆ ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೆ, ವಾಹನ ಸಿಗುತ್ತದೆಯೇ. ದೂರ ದೊಡ್ಡ ತೊಡಕೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿರುವುದು, ಹಳ್ಳಿಯ ಹುಡುಗ ಹುಡುಗಿಯರನ್ನು ತಡೆಯುವುದು ದೂರಕ್ಕಿಂತ ಹೆಚ್ಚಾಗಿ ಹತ್ತಿರವೇ. ಬೆಂಚಿನಲ್ಲಿ ಕುಳಿತವರು ಪಕ್ಕದ ಮನೆಯವರು, ಚೀಟಿ ಬರೆಯುವವರು ಅತ್ತೆಯ ಗೆಳತಿ, ಔಷಧಿ ಕೊಡುವವರು ಅಪ್ಪನ ಜೊತೆ ಓದಿದವರು. ಇಂಥ ಕಡೆ ಸಹಾಯ ಕೇಳುವುದೆಂದರೆ ಊರ ಬಾಯಿಗೆ ಸಿಕ್ಕಿಬೀಳುವುದು.

ಮನೋಶುಶ್ರೂಷೆಗೆ ಒಂದು ಸಿದ್ಧಾಂತದ ತಳಹದಿ ಕೊಟ್ಟವರು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ. ನರ್ಸ್ ಮತ್ತು ರೋಗಿಯ ನಡುವೆ ಬೆಳೆಯುವ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು ಅವರು 1952ರಲ್ಲಿ ಬರೆದರು. ಆ ಸಂಬಂಧದಲ್ಲಿ ನರ್ಸ್ ವಹಿಸುವ ಪಾತ್ರಗಳನ್ನು ಹೆಸರಿಸುವಾಗ ಅವರು ಮೊದಲಿಗಿಟ್ಟದ್ದು ಅಪರಿಚಿತಳ ಪಾತ್ರವನ್ನು: ಇಬ್ಬರು ಗುರುತಿಲ್ಲದವರಾಗಿ ಭೇಟಿಯಾಗುತ್ತಾರೆ, ಅಲ್ಲಿಂದ ನಂಬಿಕೆ ಕಟ್ಟುತ್ತಾ ಹೋಗುತ್ತಾರೆ. ವಿದ್ಯಾರ್ಥಿನಿಯಾಗಿದ್ದಾಗ ನಾನು ಇದನ್ನು ಓದಿ ಒಪ್ಪಿದ್ದೆ. ಹಳ್ಳಿಗೆ ಬಂದ ಮೇಲೆ ತಿಳಿದದ್ದು, ಅಪರಿಚಿತಳಾಗಿರುವ ಆ ಸೌಲಭ್ಯವೇ ಇಲ್ಲಿ ನಮಗಿಲ್ಲ ಎಂಬುದು. ನನ್ನ ಎದುರು ಕೂರುವ ಹುಡುಗಿಯ ತಾಯಿಗೆ ನಾನೇ ಹೆರಿಗೆಯ ಸಮಯದಲ್ಲಿ ಆರೈಕೆ ಮಾಡಿರಬಹುದು, ಅವಳ ತಮ್ಮನಿಗೆ ಲಸಿಕೆ ಹಾಕಿರಬಹುದು. ಅವಳ ಮನೆಯ ಜಗಳದ ಒಂದು ಕಡೆಯ ಕಥೆ ಅವಳು ಬಾಯಿ ಬಿಡುವ ಮೊದಲೇ ನನ್ನ ಕಿವಿಗೆ ಬಿದ್ದಿರುತ್ತದೆ. ಹಾಗೆ ಬಿದ್ದದ್ದನ್ನು ಬದಿಗಿಟ್ಟು ಅವಳು ಹೇಳುವುದನ್ನು ಹೊಸದಾಗಿ ಕೇಳುವುದು ನಾನು ಕಲಿತ ಕೆಲಸಗಳಲ್ಲೆಲ್ಲ ಕಷ್ಟದ್ದು.

ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪು ನಡೆದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾನಸಿಕ ತೊಂದರೆಯವರಿಗೆಂದೇ ಬೇರೆ ರಿಜಿಸ್ಟರ್ ಇಟ್ಟಿದ್ದೆ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ವಿಷಯವನ್ನೂ ಬರೆದಿದ್ದೆ. ಯಾರೋ ಬಿದ್ದು ಗಾಯ ಮಾಡಿಕೊಂಡು ಬಂದರೆಂದು ಎದ್ದು ಹೋದಾಗ ಆ ಪುಸ್ತಕ ಮೇಜಿನ ಮೇಲೆ ತೆರೆದೇ ಉಳಿಯಿತು. ಅದರಲ್ಲಿದ್ದ ಒಂದು ಹೆಸರು ಸಂಜೆಯೊಳಗೆ ಆ ಹುಡುಗಿಯ ಮನೆ ತಲುಪಿತು. ಅವಳು ಮತ್ತೆ ಬರಲಿಲ್ಲ. ನಾನಾಗಿಯೇ ಹೋಗಿ ಕ್ಷಮೆ ಕೇಳೋಣವೆಂದರೆ, ನಾನು ಅವಳ ಮನೆಯ ಮೆಟ್ಟಿಲು ಹತ್ತುವುದೇ ಊರಿಗೆ ಇನ್ನೊಂದು ಸುದ್ದಿಯಾಗುತ್ತಿತ್ತು. ತಪ್ಪನ್ನು ಸರಿಪಡಿಸುವ ದಾರಿಯನ್ನೂ ಆ ತಪ್ಪೇ ಮುಚ್ಚಿತ್ತು.

ಆಮೇಲೆ ನಾವು ವ್ಯವಸ್ಥೆಯನ್ನೇ ಬದಲಾಯಿಸಿದೆವು. ಹದಿಹರೆಯದವರು ಯಾವ ಕಾರಣಕ್ಕೆ ಬಂದರೂ, ಚರ್ಮದ ತುರಿಕೆಗೇ ಬರಲಿ ಮುಟ್ಟಿನ ನೋವಿಗೇ ಬರಲಿ, ಅದೇ ಕೋಣೆಯಲ್ಲಿ ತೂಕ, ಎತ್ತರ, ಬಿ.ಪಿ. ನೋಡಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಒಬ್ಬರನ್ನೇ ಕೂರಿಸಿ ಮಾತನಾಡಿಸುತ್ತೇವೆ. ಎಲ್ಲರೂ ಅಷ್ಟೇ ಹೊತ್ತು ಒಳಗಿರುವುದರಿಂದ, ಯಾರು ಯಾವುದಕ್ಕೆ ಬಂದರೆಂದು ಹೊರಗೆ ಕುಳಿತವರಿಗೆ ತಿಳಿಯುವುದಿಲ್ಲ. ಕುರ್ಚಿಯನ್ನು ಕಿಟಕಿಗೆ ಬೆನ್ನಾಗುವಂತೆ ಹಾಕಿದ್ದೇವೆ. ಬೇರೆ ರಿಜಿಸ್ಟರ್ ಈಗಿಲ್ಲ. ರಸ್ತೆಯಲ್ಲಿ ಎದುರಾದರೆ ನಾನಾಗಿ ಗುರುತು ಹಿಡಿದು ಮಾತನಾಡಿಸುವುದಿಲ್ಲ, ನೀನು ನಕ್ಕರೆ ನಗುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಹೋಗುತ್ತೇನೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ಇದನ್ನು ಕೇಳಿದಾಗ ಎಷ್ಟೋ ಮಕ್ಕಳ ಭುಜ ಸಡಿಲವಾಗುವುದನ್ನು ಕಣ್ಣಾರೆ ನೋಡಿದ್ದೇನೆ.

ಗೋಪ್ಯತೆಗೆ ಇರುವ ಮಿತಿಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ನಿನ್ನ ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ನಿನ್ನ ಮೇಲೆ ದೌರ್ಜನ್ಯ ಮಾಡುತ್ತಿದ್ದರೆ ನಾನು ಸುಮ್ಮನಿರಲಾಗದು. ಆದರೆ ಯಾರಿಗೆ, ಏನನ್ನು, ಯಾವಾಗ ಹೇಳುತ್ತೇನೆಂಬುದನ್ನು ಮೊದಲು ನಿನಗೇ ತಿಳಿಸುತ್ತೇನೆ ಎನ್ನುತ್ತೇನೆ. ಗುಟ್ಟನ್ನು ಪೂರ್ತಿ ಕಾಯುತ್ತೇನೆಂದು ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ದೊಡ್ಡ ಹಾನಿ ಈ ವೃತ್ತಿಯಲ್ಲಿಲ್ಲ.

ಮಾತುಕತೆಗೆ ಒಂದು ಕ್ರಮವಿದೆ. ಹದಿಹರೆಯದವರ ಆರೋಗ್ಯದಲ್ಲಿ ಕೆಲಸ ಮಾಡುವವರು ಬಹುಕಾಲದಿಂದ ಬಳಸುತ್ತಿರುವ 'ಹೆಡ್ಸ್' ಎಂಬ ಪ್ರಶ್ನಾಕ್ರಮ ಮನೆಯಿಂದ ಆರಂಭವಾಗಿ, ಓದು, ಗೆಳೆಯರು ಮತ್ತು ಹವ್ಯಾಸ, ಕುಡಿತ ಮತ್ತಿತರ ಚಟ, ಲೈಂಗಿಕತೆ ಇವನ್ನು ದಾಟಿ ಕೊನೆಗೆ ಖಿನ್ನತೆ ಹಾಗೂ ಆತ್ಮಹತ್ಯೆಯ ಯೋಚನೆಗೆ ಬರುತ್ತದೆ. ಸುಲಭದ್ದು ಮೊದಲು, ನೋಯುವುದು ಆಮೇಲೆ. ಆ ಕೊನೆಯ ಪ್ರಶ್ನೆಯನ್ನು ಸುತ್ತಿ ಬಳಸದೆ ನೇರವಾಗಿ ಕೇಳಬೇಕು: "ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹೆತ್ತವರಲ್ಲೂ ಉಪಾಧ್ಯಾಯರಲ್ಲೂ ಇದೆ, ನಮ್ಮಲ್ಲೇ ಕೆಲವರಲ್ಲೂ ಇದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ತಲೆನೋವಿನ ಹುಡುಗನನ್ನು ಆರನೆಯ ಭೇಟಿಯಲ್ಲಿ ನಾನು ಹೀಗೆ ಕೇಳಿದಾಗ ಅವನು ಬೆಚ್ಚಲಿಲ್ಲ. ತುಂಬಾ ಹೊತ್ತು ನೀರಿನಲ್ಲಿ ಮುಳುಗಿದ್ದವನು ತಲೆ ಎತ್ತಿದಂತೆ ಉಸಿರು ಬಿಟ್ಟು, ಹೌದು ಎಂದ.

ಅಂದು ನಾವಿಬ್ಬರೂ ಸೇರಿ ಸುರಕ್ಷಾ ಯೋಜನೆಯ ಹಾಳೆ ಬರೆದೆವು. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ರೂಪಿಸಿದ ಈ ಹಾಳೆಯಲ್ಲಿರುವುದು ಕೆಲವೇ ಸಾಲು: ಮನಸ್ಸು ಕೆಡುತ್ತಿದೆ ಎಂಬುದರ ಮುನ್ಸೂಚನೆ ಯಾವುದು, ಒಬ್ಬನೇ ಇದ್ದಾಗ ಏನು ಮಾಡಬಲ್ಲೆ, ಮನಸ್ಸು ಬೇರೆಡೆ ಹೊರಳಲು ಯಾರ ಬಳಿ ಅಥವಾ ಎಲ್ಲಿಗೆ ಹೋಗಬಲ್ಲೆ, ಸಹಾಯ ಕೇಳಬಲ್ಲ ಆಪ್ತರು ಯಾರು, ಯಾವ ಸಹಾಯವಾಣಿಗೆ, ಯಾವ ಆಸ್ಪತ್ರೆಗೆ ಕರೆ ಮಾಡಬೇಕು, ಸುತ್ತಲಿನ ಅಪಾಯದ ವಸ್ತುಗಳನ್ನು ಹೇಗೆ ದೂರವಿಡಬೇಕು. ಮುನ್ಸೂಚನೆಯ ಸಾಲಿನಲ್ಲಿ ಅವನು ಬರೆದದ್ದು 'ಫೋನನ್ನು ಬೋರಲು ಹಾಕಿ ಗೋಡೆ ಕಡೆ ತಿರುಗಿ ಮಲಗುವುದು' ಎಂದು. ಯಾವ ಪಠ್ಯಪುಸ್ತಕವೂ ಇಷ್ಟು ಕರಾರುವಾಕ್ಕಾಗಿ ಬರೆಯಲಾರದು. ಆ ಹಾಳೆ ಅವರದೇ ಮಾತಿನಲ್ಲಿರಬೇಕು ಎನ್ನುವುದು ಇದಕ್ಕೇ.

ಅಪಾಯದ ವಸ್ತುವಿನ ಸಾಲು ಹಳ್ಳಿಯಲ್ಲಿ ಬೇರೆಲ್ಲಕ್ಕಿಂತ ಮುಖ್ಯ, ಏಕೆಂದರೆ ಬೇಸಾಯದ ಮನೆಯಲ್ಲಿ ಕೀಟನಾಶಕ ಕೈಗೆಟಕುವ ಜಾಗದಲ್ಲೇ ಇರುತ್ತದೆ. ಎಳೆಯರ ವಿಷಯದಲ್ಲಿ ಸಾಯುವ ತೀರ್ಮಾನವೆನ್ನುವುದು ಎಷ್ಟೋ ಸಲ ಕೆಲವು ನಿಮಿಷಗಳ ಆವೇಗ. ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದು ಎಷ್ಟು ಮಾರಕ ಎನ್ನುವುದರ ಮೇಲೆ ಸಾವು ಬದುಕು ನಿಂತಿರುತ್ತದೆ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿ, ಮುಂದಿನ ವರ್ಷಗಳಲ್ಲಿ ಇನ್ನೂ ಕೆಲವನ್ನು ಹಂತಹಂತವಾಗಿ ತೆಗೆದುಹಾಕಿದ ಮೇಲೆ, ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಶೇ 70ರಷ್ಟು ಇಳಿಯಿತು. ಆದರೆ ಅದೇ ದೇಶದ 180 ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಮನೆಮನೆಗೆ ಬೀಗದ ಪೆಟ್ಟಿಗೆ ಹಂಚಿದ್ದರಿಂದ ವಿಷ ಸೇವನೆಯ ಪ್ರಕರಣಗಳು ಕಡಿಮೆಯಾಗಲಿಲ್ಲ ಎಂದು ಕಂಡುಕೊಂಡಿತು. ಇದನ್ನು ಓದಿದ ಮೇಲೆ ನಾನು ಬೀಗ ಹಾಕಿಡಿ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವುದನ್ನು ಬಿಟ್ಟೆ. ಅಪಾಯದ ದಿನಗಳು ಕಳೆಯುವವರೆಗೆ ಅದು ಆ ಮನೆಯಲ್ಲೇ ಇರಬಾರದು, ನಂಬಿಕೆಯ ಇನ್ನೊಬ್ಬರ ಬಳಿ ಇರಲಿ ಎನ್ನುತ್ತೇನೆ.

ಇದನ್ನು ಹುಡುಗನ ತಂದೆಗೆ ಹೇಳಲೇಬೇಕು, ಮತ್ತು ಹುಡುಗನ ಒಪ್ಪಿಗೆ ಪಡೆದೇ ಹೇಳಬೇಕು. ಏನು ಹೇಳಬಹುದು, ಏನು ಹೇಳಬಾರದು ಎಂದು ನಾವಿಬ್ಬರೂ ಮೊದಲು ಮಾತನಾಡಿಕೊಂಡೆವು. ಶಾಲೆಯಲ್ಲಿ ನಡೆದದ್ದು ಬೇಡ ಎಂದ, ಬಿಟ್ಟೆ. ಹುಡುಗ ನನ್ನ ಪಕ್ಕದಲ್ಲೇ ಕುಳಿತಿದ್ದ. "ಇವನ ಮನಸ್ಸಿಗೆ ತುಂಬಾ ನೋವಾಗಿದೆ, ಜೀವದ ಬಗ್ಗೆ ಬೇಸರ ಬಂದಿದೆ, ವಾಸಿಯಾಗುತ್ತೆ, ಆದರೆ ಈ ಕೆಲವು ವಾರ ನಿಮ್ಮ ಸಹಾಯ ಬೇಕು" ಎಂದೆ. ಆ ತಂದೆ ಕಾರಣ ಕೇಳಲಿಲ್ಲ. ನೆಲ ನೋಡುತ್ತಾ ಬಹಳ ಹೊತ್ತು ಕುಳಿತಿದ್ದು, "ಮದ್ದಿನ ಡಬ್ಬ ಇವತ್ತೇ ಅಣ್ಣನ ಮನೆಗೆ ಸಾಗಿಸ್ತೀನಿ" ಎಂದು ಎದ್ದರು. ಊರಿನ ಹತ್ತಿರದ ನಂಟನ್ನು ಇಷ್ಟು ಹೊತ್ತು ದೂರಿದ ನಾನು ಇದನ್ನೂ ಹೇಳಬೇಕು: ಕರೆದ ಅರ್ಧ ಗಂಟೆಯಲ್ಲಿ ತಂದೆ ಬರುವುದು, ಸಂಜೆಯೊಳಗೆ ದೊಡ್ಡಪ್ಪ ಜೊತೆಗೆ ನಿಲ್ಲುವುದು ಹಳ್ಳಿಯಲ್ಲಿ ಆಗುವ ಮಾತು.

ಔಷಧಿ ಬೇಕಾದವರನ್ನು ದೂರದ ಮನೋವೈದ್ಯರಿಗೆ ತೋರಿಸುತ್ತೇವೆ, ಈಗೀಗ ವಿಡಿಯೊ ಮೂಲಕವೂ ತೋರಿಸುತ್ತೇವೆ. ಅಲ್ಲಿಂದ ಮುಂದಿನದು ಮತ್ತೆ ನರ್ಸಿನ ಕೆಲಸ. ಖಿನ್ನತೆಯ ಮಾತ್ರೆಗಳು ಹಿಡಿತಕ್ಕೆ ಬರಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಎಳೆಯರಲ್ಲಿ ಚಡಪಡಿಕೆ, ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಸಿ, 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿತು. ಹಾಗೆಂದು ಮಾತ್ರೆ ಬೇಡವೆಂದಲ್ಲ. ಆ ದಿನಗಳಲ್ಲಿ ಯಾರಾದರೂ ಬಿಡದೆ ವಿಚಾರಿಸುತ್ತಿರಬೇಕು. ನಾನು ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಕರೆಯ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಈಗ ಮಾತಾಡೋಕೆ ಆಗುತ್ತಾ?" ಎರಡು ಕೋಣೆಯ ಮನೆಯಲ್ಲಿ ಆರು ಜನರ ನಡುವೆ ಇರುವವಳು 'ಇಲ್ಲ' ಎಂದಷ್ಟೇ ಹೇಳಿ ಇಟ್ಟರೆ, ಆಮೇಲೆ ಅವಳೇ ಹೊಲದ ಕಡೆ ನಡೆದು ಹೋಗಿ ಮಾಡುವ ಕರೆಗೆ ನಾನು ಕಾಯಬೇಕು.

ತಜ್ಞರಲ್ಲದವರಿಗೆ ತರಬೇತಿ ಕೊಟ್ಟು ಈ ಕೆಲಸವನ್ನು ಹಂಚಿಕೊಳ್ಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2008ರಿಂದ ನಡೆಸುತ್ತಿರುವ ಕಾರ್ಯಕ್ರಮದ ತಿರುಳು. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ಕೂರಿಸಿ, ನೊಂದವರ ಮಾತು ಕೇಳುವ ಏರ್ಪಾಡು ಮಾಡಿದರು. ಅಲ್ಲಿನ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರದ ಮಾತು 'ಕುಫುಂಗಿಸಿಸಾ', ಎಂದರೆ ಅತಿಯಾಗಿ ಯೋಚಿಸುವುದು. ನಮ್ಮಲ್ಲೂ 'ಬಹಳ ಯೋಚನೆ ಮಾಡ್ತಾಳೆ' ಎಂದೇ ತಾನೆ ಮಕ್ಕಳನ್ನು ಕರೆತರುವುದು! ಆ ಪ್ರಯತ್ನದ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಸಣ್ಣ ಹಳ್ಳಿಯಲ್ಲಿ ಪ್ರತಿ ಕಾರ್ಯಕರ್ತೆಯೂ ಯಾರದೋ ಚಿಕ್ಕಮ್ಮ. ಹಾಗಾಗಿ ನಾನು ತರಬೇತಿ ಕೊಡುವಾಗ ಕಾಯಿಲೆಯ ಲಕ್ಷಣಗಳಿಗಿಂತ ಮೊದಲು, ಕೇಳಿದ್ದನ್ನು ಮನೆಗೂ ಒಯ್ಯದೆ ಇರುವುದು ಹೇಗೆಂಬುದಕ್ಕೆ ಒಂದಿಡೀ ದಿನ ಮೀಸಲಿಡುತ್ತೇನೆ. ಆ ಭಾರ ಅವರಿಗೂ ಆಗುತ್ತದೆ, ನನಗೂ ಆಗುತ್ತದೆ. ತಿಂಗಳಿಗೊಮ್ಮೆಯಾದರೂ ಊರ ಹೊರಗಿನ ಹಿರಿಯ ನರ್ಸೊಬ್ಬರ ಜೊತೆ ಕುಳಿತು ಹೆಸರಿಲ್ಲದೆ ಎಲ್ಲವನ್ನೂ ಹೇಳಿಕೊಳ್ಳುವ ಅವಕಾಶವಿಲ್ಲದೆ ಯಾರೂ ಈ ಕೆಲಸವನ್ನು ಬಹುಕಾಲ ಮಾಡಲಾರರು. ಅದನ್ನು ಐಚ್ಛಿಕವೆಂದು ಬಗೆಯುವ ಆಡಳಿತಗಳ ಬಗ್ಗೆ ನನಗೆ ಕೋಪವಿದೆ.

ಕಳೆದ ಸಲ ಆ ಹುಡುಗ ಬಂದಾಗ ತಲೆನೋವಿನ ಮಾತೇ ಇರಲಿಲ್ಲ. ಜೇಬಿನಿಂದ ಹಳೆಯ ಹಾಳೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ನಾಲ್ಕು ಮಡಿಕೆಯಾಗಿ ಸವೆದು, ಮಡಿಕೆಯ ಮೇಲಿದ್ದ ಅಕ್ಷರಗಳು ಅಳಿಸಿಹೋಗಿದ್ದವು. "ಓದೋಕೆ ಆಗ್ತಿಲ್ಲ ಸಿಸ್ಟರ್, ಹೊಸದು ಬೇಕು" ಎಂದ. ಖಾಲಿ ಹಾಳೆ ಮತ್ತು ಪೆನ್ನು ಅವನ ಕಡೆ ಸರಿಸಿ, ನಾನು ಎದ್ದು ಬಾಗಿಲು ಹಾಕಿದೆ.